ಹೆಬ್ಬಾಳದ ಕಾಲಾಳು

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವನಿಗೆ ಹೆಬ್ಬಾಳವೆಂದರೆ ಒಂದು ಮೇಲ್ಸೇತುವೆ, ಒಂದು ಕೆರೆ, ವಿಮಾನ ತಪ್ಪೀತೆಂಬ ಒಂದು ಆತಂಕ. ಯಲಹಂಕದ ಕಡೆಗೆ ಸಾಗುವವರು, ಯಶವಂತಪುರದ ಕಡೆಗೆ ತಿರುಗುವವರು, ಆರ್. ಟಿ. ನಗರದ ಮನೆಗಳಿಗೆ ಮರಳುವವರು, ಎಲ್ಲರೂ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಲೇಬೇಕು, ನಿಂತುದಕ್ಕಾಗಿ ಬೇಸರಪಡಲೇಬೇಕು, ದಾರಿ ತೆರವಾದೊಡನೆ ಹೊರಟುಹೋಗಬೇಕು. ಅದೇ ನೆಲದಲ್ಲಿ ಸುಮಾರು ಹನ್ನೆರಡೂವರೆ ಶತಮಾನಗಳ ಹಿಂದೆ ಒಬ್ಬ ಮನುಷ್ಯನು ನಿಂತನು, ಹೊರಟುಹೋಗಲಿಲ್ಲ. ಅವನ ಹೆಸರು ಕಿತ್ತಯ್ಯ.

ಈ ಹೆಸರು ಲೋಕಕ್ಕೆ ತಿಳಿದದ್ದು ತೀರ ಈಚೆಗೆ. 2018ರಲ್ಲಿ ಹೆಬ್ಬಾಳದ ಹಳೆಯ ಊರಿನೊಳಗೆ ನೆಲವನ್ನು ಅಗೆಯುತ್ತಿದ್ದಾಗ ಒಂದು ಕಲ್ಲು ಮೇಲೆದ್ದಿತು. ಅದರ ಮೇಲೆ ಶಿಲ್ಪವಿತ್ತು, ಅಕ್ಷರಗಳಿದ್ದವು. ನಗರದ ಶಾಸನಗಳನ್ನು ಹುಡುಕಿ ಕಾಪಾಡುವ ಆಸಕ್ತರು ಅದನ್ನು ಗುರುತಿಸಿದರು; ವಿದ್ವಾಂಸರು ಓದಿದರು. ಬಿ. ಎಲ್. ರೈಸ್ ಮಹಾಶಯರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕಲೆಹಾಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದ್ದು 1905ರಲ್ಲಿ. ಆ ದೊಡ್ಡ ಸಂಪುಟದಲ್ಲಿ ಕಿತ್ತಯ್ಯನಿಲ್ಲ. ಅರಸರ ದಾನಗಳು, ದೇವಾಲಯಗಳ ದತ್ತಿಗಳು, ಗೌಡರ ಕಟ್ಟಳೆಗಳು ಎಲ್ಲವೂ ಅಚ್ಚಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ತನ್ನ ಊರಿನ ಮಣ್ಣಿನಿಂದಲೇ ಅವನು ಎದ್ದುಬಂದನು. ಬಂದವನು ಬರಿಗೈಯಲ್ಲಿ ಬರಲಿಲ್ಲ. ಬೆಂಗಳೂರು ನಗರದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು ಎಂಬ ಗೌರವ ಇಂದು ಈ ಕಲ್ಲಿಗೆ ಸಂದಿದೆ. ಅದರಲ್ಲಿ ವರ್ಷದ ಉಲ್ಲೇಖವಿಲ್ಲ. ಅಕ್ಷರಗಳ ಬಗೆಯನ್ನು ನೋಡಿ ಕ್ರಿ.ಶ. 750ರ ಸುಮಾರಿನದೆಂದು ತಜ್ಞರು ನಿರ್ಧರಿಸಿದ್ದಾರೆ.

ಕಲ್ಲು ಹೇಳುವುದು ನಾಲ್ಕೈದು ಸಂಗತಿಗಳನ್ನು ಮಾತ್ರ. ಗಂಗರ ಶ್ರೀಪುರುಷ ಮಹಾರಾಜನು ಪೃಥ್ವೀರಾಜ್ಯವನ್ನು ಆಳುತ್ತಿದ್ದನು. ಪೆರ್ಬೊಳಲ್ ನಾಡು ಮೂವತ್ತನ್ನು ಪೆಳ್ನಗತ್ತರಸನೆಂಬ ಸ್ಥಳೀಯ ಪ್ರಭು ನೋಡಿಕೊಳ್ಳುತ್ತಿದ್ದನು. ರಟ್ಟವಾಡಿಯವರ ದಾಳಿ ಬಂದಿತು. ಊರು ಅಳಿಯುವ ಆ ಹೊತ್ತಿನಲ್ಲಿ ಕಿತ್ತಯ್ಯನು ಇರಿದು ಹೋರಾಡಿ ಇಂದ್ರಲೋಕವನ್ನು ಹೊಕ್ಕನು. ಇಷ್ಟೇ. ಇಂದಿನ ವರದಿಗಾರನಾದರೂ ಇದಕ್ಕಿಂತ ಕಡಮೆ ಮಾತಿನಲ್ಲಿ ಒಂದು ಊರಿನ ದುರಂತವನ್ನು ಹೇಳಲಾರನು.

ಪೆರ್ಬೊಳಲ್ ಎಂಬುದು ಯಾವುದು? ಕನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದದ್ದು ವಾಚಕರು ಬಲ್ಲ ಸಂಗತಿ. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಎರಡೂ ಕೂಡಿದ ಪೆರ್ಬೊಳಲ್ ಬಾಯಿಂದ ಬಾಯಿಗೆ ಸವೆಯುತ್ತ ಹೆಬ್ಬಾಳವಾಗಿ ಉಳಿದಿದೆ. ಹಾಗಾದರೆ ಬೆಂಗಳೂರು ಎಂಬ ಹೆಸರು ಬೇಗೂರಿನ ಕಲ್ಲಿನಲ್ಲಿ ಸುಮಾರು 890ರಲ್ಲಿ ಕಾಣಿಸಿಕೊಳ್ಳುವುದಕ್ಕೆ ಒಂದು ಶತಮಾನಕ್ಕೂ ಮೊದಲೇ ಹೆಬ್ಬಾಳವು 'ಹಿರಿಯ ಪಟ್ಟಣ' ಎನಿಸಿಕೊಂಡಿತ್ತು. ಮೂವತ್ತು ಹಳ್ಳಿಗಳ ಒಂದು ನಾಡಿಗೆ ಹೆಸರನ್ನು ಕೊಟ್ಟಿತ್ತು. ಇಂದು ಬೆಂಗಳೂರಿನ ಒಂದು ಬಡಾವಣೆಯಾಗಿ ಕಾಣುವ ಊರು ಅಂದು ತಾನೇ ಒಂದು ರಾಜಧಾನಿಯಂತಿದ್ದಿತು, ತನ್ನ ಮೂವತ್ತು ಹಳ್ಳಿಗಳ ಮಟ್ಟಿಗಾದರೂ.

ಈಗ ಕಿತ್ತಯ್ಯನ ವಿಷಯ. ಶಾಸನವು ಅವನಿಗೆ ದಂಡನಾಯಕನೆಂಬ ಪದವಿಯನ್ನು ಕೊಡುವುದಿಲ್ಲ. ಅವನ ಆನೆಯ ಮಾತಿಲ್ಲ, ಕುದುರೆಯ ಮಾತಿಲ್ಲ. ನೆಲದ ಮೇಲೆ ನಿಂತು, ಎದುರಾಳಿಯ ಮುಖವನ್ನು ನೋಡುತ್ತ ಹೋರಾಡಿದ ಕಾಲಾಳೆಂದೇ ಅವನನ್ನು ಭಾವಿಸಬೇಕಾಗುತ್ತದೆ. ಆದರೆ ಅವನ ಪರಿಚಯವನ್ನು ಕಲ್ಲು ಬೇರೊಂದು ಬಗೆಯಲ್ಲಿ ಮಾಡಿಕೊಡುತ್ತದೆ. ಅವನು ಒಬ್ಬರ ಮೈದುನ; ಇನ್ನೊಬ್ಬರ ಅಳಿಯ. ಊರಿನವರಿಗೆ ಅವನು ಗೊತ್ತಿದ್ದುದು ಹಾಗೆ. ಹಳಗನ್ನಡದಲ್ಲಿ ಅಳಿಯನೆಂದರೆ ಮಗಳ ಗಂಡನಾಗಬಹುದು, ಸೋದರಿಯ ಮಗನೂ ಆಗಬಹುದು. ಮೈದುನನೆಂಬ ಮಾತಿಗೂ ಅಂತೆಯೇ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಅರ್ಥ ಯಾವುದೇ ಇರಲಿ, ಈ ಎರಡು ನಂಟುಗಳೂ ಹೆಣ್ಣಿನ ಮೂಲಕವೇ ಬರತಕ್ಕವು. ಒಬ್ಬ ಮಗಳು, ಒಬ್ಬ ಸೋದರಿ ಅಥವಾ ಒಬ್ಬ ಹೆಂಡತಿ ನಡುವೆ ಇಲ್ಲದೆ ಯಾರೂ ಯಾರಿಗೂ ಅಳಿಯನಾಗಲಾರನು. ಶಾಸನವು ಆ ಹೆಣ್ಣಿನ ಹೆಸರನ್ನು ಹೇಳಿಲ್ಲ. ಆದರೆ 'ಅಳಿಯ' ಎಂಬ ಪದದ ಹಿಂದೆ ಅವಳು ನಿಂತಿದ್ದಾಳೆ.

ಕಿತ್ತಯ್ಯನ ಮೇಲೆ ಬಂದ ಶತ್ರು ಯಾರು? ರಟ್ಟವಾಡಿಯವರೆಂದರೆ ರಾಷ್ಟ್ರಕೂಟರ ಕಡೆಯವರು. ಇದು ಕಡಲಾಚೆಯಿಂದ ಬಂದ ದಂಡಲ್ಲ, ಬೇರೆ ಭಾಷೆಯ ದಂಡೂ ಅಲ್ಲ. ಬಾದಾಮಿಯ ಚಾಲುಕ್ಯರ ದೊಡ್ಡ ಮನೆಯ ನೆರಳಿನಲ್ಲಿ ಗಂಗರೂ ಇದ್ದರು, ರಾಷ್ಟ್ರಕೂಟರೂ ಇದ್ದರು. ರಾಷ್ಟ್ರಕೂಟರ ದಂತಿದುರ್ಗನು ಆ ಚಾಲುಕ್ಯರ ಸಾಮಂತನೇ. ಸುಮಾರು 753ರಲ್ಲಿ ಅವನು ಒಡೆಯನಾದ ಎರಡನೆಯ ಕೀರ್ತಿವರ್ಮನನ್ನು ಸೋಲಿಸಿ ತಾನೇ ಒಡೆಯನಾಗಲು ಹೊರಟನು. ಗಂಗರ ಶ್ರೀಪುರುಷನು ಹಳೆಯ ಚಾಲುಕ್ಯರ ಪಕ್ಷ. ಮನೆಯ ಯಜಮಾನಿಕೆ ಕೈಬದಲಾದಾಗ ಅಣ್ಣತಮ್ಮಂದಿರ ನಡುವೆ ಹುಟ್ಟುವ ಜಗಳದಂತೆ ಈ ಜಗಳವೂ ಹುಟ್ಟಿತು. ದಂತಿದುರ್ಗನ ಬಳಿಕ ಪಟ್ಟಕ್ಕೆ ಬಂದ ಒಂದನೆಯ ಕೃಷ್ಣನು ಗಂಗವಾಡಿಯೊಳಕ್ಕೇ ನುಗ್ಗಿ ಬಂದು 768ರಲ್ಲಿ ಮಾನ್ಯಪುರದಲ್ಲಿ ಬೀಡುಬಿಟ್ಟಿದ್ದನು. ಅಲ್ಲಿಂದಲೇ ಅವನು ಹೊರಡಿಸಿದ ತಾಮ್ರಶಾಸನವೊಂದು ದೊರೆತಿದೆ. ಆ ಮಾನ್ಯಪುರವೇ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದು ಶ್ರೀಪುರುಷನ ಸ್ವಂತ ನೆಲೆವೀಡು. ತುಮಕೂರಿನ ಸೀಮೆಯಲ್ಲಿಯೂ ಇದೇ ಹೋರಾಟದಲ್ಲಿ ಬಿದ್ದವರ ಕಲ್ಲುಗಳುಂಟು. ಗಂಗರ ದಂಡನಾಯಕ ಸಿಯಗೆಲ್ಲನ ಹೆಸರು ಉಳಿದದ್ದು ಅಂಥ ಕಲ್ಲುಗಳಿಂದ. ಕಿತ್ತಯ್ಯನು ಮಡಿದದ್ದು ಈ ದೀರ್ಘ ಕಲಹದ ಯಾವ ಘಟ್ಟದಲ್ಲೇ ಆಗಿರಲಿ, ಅದು ಒಂದೇ ನುಡಿಯ ಜನ ಎರಡು ಪಾಳೆಯಗಳಾಗಿ ಒಡೆದು ಕಾದಿದ ಯುದ್ಧ. ಇರಿದವನೂ ಇರಿಸಿಕೊಂಡವನೂ ನೀರು ಬೇಡಿದ್ದರೆ ಒಂದೇ ಮಾತಿನಲ್ಲಿ ಬೇಡುತ್ತಿದ್ದರು.

ಇಂಥ ಯುದ್ಧಕ್ಕೆ ಒಬ್ಬ ಹಳ್ಳಿಗನು ಏಕೆ ಹೋಗುತ್ತಾನೆ? ಇದು ಎಲ್ಲ ಕಾಲದ ಪ್ರಶ್ನೆ. ಪ್ರಾಚೀನ ಕರ್ನಾಟಕದ ಸಮಾಜವು ಇದಕ್ಕೆ ಎರಡು ಉತ್ತರಗಳನ್ನು ಸಿದ್ಧಮಾಡಿ ಇಟ್ಟಿತ್ತು. ಮೊದಲನೆಯದು ಪರಲೋಕದ ಉತ್ತರ. ಗೆದ್ದವನಿಗೆ ಸಂಪತ್ತು ಕಾದಿದೆ, ಬಿದ್ದವನಿಗೆ ದೇವಾಂಗನೆ ಕಾದಿದ್ದಾಳೆ ಎಂಬರ್ಥದ ಮಾತು ಅನೇಕ ವೀರಗಲ್ಲುಗಳ ಮೇಲೆ ಕಾಣುತ್ತದೆ. ವೀರಗಲ್ಲಿನ ಸಾಮಾನ್ಯ ರೂಪವೇ ಈ ನಂಬಿಕೆಯ ಚಿತ್ರ: ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸಾನ್ನಿಧ್ಯ, ಅದರ ಮೇಲೆ ಸೂರ್ಯಚಂದ್ರರು. ಎರಡನೆಯದು ಇಹಲೋಕದ ಉತ್ತರ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಅದಕ್ಕೆ ಬಾಳ್ಗಳ್ಚು ಎಂದು ಹೆಸರು, ಅಂದರೆ ಕತ್ತಿಯನ್ನು ತೊಳೆದುಕೊಟ್ಟ ದತ್ತಿ. ನೆತ್ತರುಗೊಡಗೆ ಎಂಬ ಇನ್ನೊಂದು ಹೆಸರೂ ಉಂಟು. ನೆತ್ತರು ಚೆಲ್ಲಿದುದಕ್ಕೆ ಕೊಡಗೆ. ಈ ಮಾತಿನಲ್ಲಿ ಮುಚ್ಚುಮರೆಯಿಲ್ಲ. ಸತ್ತವನಿಗೆ ಸ್ವರ್ಗವಿರಲಿ, ಉಳಿದವರಿಗೆ ಗದ್ದೆ ಬೇಕು ಎಂಬುದನ್ನು ಅಂದಿನವರು ಚೆನ್ನಾಗಿ ಬಲ್ಲರು.

ಈ ಎರಡು ಉತ್ತರಗಳೂ ಅರಸರಿಗೆ ಅನುಕೂಲವಾದವು ಎಂಬುದನ್ನು ಮರೆಯತಕ್ಕದ್ದಲ್ಲ. ಸ್ವರ್ಗವನ್ನು ತೋರಿಸಿ ದಂಡು ಕೂಡಿಸುವುದು ಸುಲಭ. ಆದರೆ ಕಿತ್ತಯ್ಯನ ಪ್ರಸಂಗವು ಈ ಲೆಕ್ಕಾಚಾರಕ್ಕೆ ಪೂರ್ತಿ ಸಿಕ್ಕುವುದಿಲ್ಲ. ವೀರಗಲ್ಲುಗಳಲ್ಲಿ ಹಲವು ಬಗೆಯ ಹೋರಾಟಗಳಿವೆ. ಕದ್ದೊಯ್ದ ದನಗಳನ್ನು ಬಿಡಿಸಿ ತರುವ ತುರುಗೊಳ್, ಹೆಣ್ಣಿನ ಮಾನಕ್ಕಾಗಿ ನಡೆದ ಪೆಣ್ಬುಯ್ಯಲ್, ಗಡಿಯ ಕಾಳಗ, ಊರಳಿವು. ಇವುಗಳಲ್ಲಿ ಊರಳಿವೆಂಬುದು ದಂಡಯಾತ್ರೆಯಲ್ಲ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಅದೇ ಬಾಗಿಲಿಗೆ ಬರುತ್ತದೆ. ಆಗ ಮನುಷ್ಯನ ಮುಂದೆ ಎರಡೇ ದಾರಿ: ಓಡಬೇಕು, ಇಲ್ಲವೇ ನಿಲ್ಲಬೇಕು. ಮಾನ್ಯಪುರದ ಅರಮನೆಯ ರಾಜಕಾರಣ ಕಿತ್ತಯ್ಯನಿಗೆ ಎಷ್ಟು ತಿಳಿದಿತ್ತೋ ಏನೋ. ಮಾವನ ಮನೆ ಯಾವ ಬೀದಿಯಲ್ಲಿದೆ ಎಂಬುದಂತೂ ತಿಳಿದಿತ್ತು.

ದೂರದ ದೇಶದ ಒಂದು ನಿದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1861ರಿಂದ 1865ರ ವರೆಗೆ ಅಮೆರಿಕ ದೇಶವು ತನ್ನೊಳಗೇ ಎರಡಾಗಿ ಹೋರಾಡಿತು. ಯುದ್ಧದ ಆರಂಭದಲ್ಲಿ ಅಧ್ಯಕ್ಷ ಲಿಂಕನ್ನನು 75,000 ಜನ ಬೇಕೆಂದು ಕರೆ ಕೊಟ್ಟಾಗ ಹೊಲವನ್ನು ಬಿಟ್ಟು, ಅಂಗಡಿಯನ್ನು ಮುಚ್ಚಿ, ಶಾಲೆಗೆ ಬೀಗವಿಕ್ಕಿ ಸ್ವಇಚ್ಛೆಯಿಂದ ಬಂದವರು ಅನೇಕರು. ಅವರಲ್ಲಿ ಬಹುಪಾಲು ಕಾಲಾಳುಗಳೇ. ಆ ಯುದ್ಧದಲ್ಲಿ ಮಡಿದವರು ಸುಮಾರು 6,20,000 ಮಂದಿ ಎಂಬುದು ಬಹುಕಾಲದಿಂದ ಬಂದ ಅಂದಾಜು. ಇನ್ನೂ ಹೆಚ್ಚೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಸೈನಿಕನ ಗುರುತಿಗೆ ಆಗ ಸರ್ಕಾರದ ಬಿಲ್ಲೆಯಿರಲಿಲ್ಲ. 1864ರ ಕೋಲ್ಡ್ ಹಾರ್ಬರ್ ಕದನದ ಮುನ್ನ ಸೈನಿಕರು ತಮ್ಮ ಹೆಸರು ವಿಳಾಸಗಳನ್ನು ಕಾಗದದ ಚೂರುಗಳ ಮೇಲೆ ಬರೆದು ಅಂಗಿಯ ಬೆನ್ನಿಗೆ ಹಚ್ಚಿಕೊಳ್ಳುತ್ತಿದ್ದರೆಂದು ಕಂಡವರೊಬ್ಬರು ದಾಖಲಿಸಿದ್ದಾರೆ. ಸಾವಿಗೆ ಅವರು ಸಿದ್ಧರಾಗಿದ್ದರು. ಹೆಸರಿಲ್ಲದ ಸಾವಿಗೆ ಮಾತ್ರ ಹೆದರಿದರು. ಆ ಹೆದರಿಕೆ ಸುಳ್ಳಾಗಲಿಲ್ಲ. ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ 1866ರಲ್ಲಿ ಕಟ್ಟಿದ ಒಂದೇ ಸಮಾಧಿಯಲ್ಲಿ, ಹೆಸರು ತಿಳಿಯದ 2,111 ಸೈನಿಕರ ಅಸ್ಥಿಗಳು ಒಟ್ಟಿಗೆ ಇವೆ. ಅವರಲ್ಲಿ ಉತ್ತರದವರು ಎಷ್ಟು, ದಕ್ಷಿಣದವರು ಎಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವಂತಿಲ್ಲ. ಬದುಕಿದ್ದಾಗ ಒಂದು ದೇಶದಲ್ಲಿ ಒಟ್ಟಿಗಿರಲಾರದೆ ಹೊಡೆದಾಡಿದವರು ಸತ್ತ ಮೇಲೆ ಒಂದೇ ಕಲ್ಲಿನ ಕೆಳಗೆ ಮಲಗಿದ್ದಾರೆ.

ಆ ಅಂಗಿಯ ಬೆನ್ನಿನ ಕಾಗದಕ್ಕೂ ಹೆಬ್ಬಾಳದ ಕಲ್ಲಿಗೂ ಸಂಬಂಧವಿದೆ. ಕಾಗದದ ಮೇಲೆ ಸೈನಿಕನು ತನ್ನ ಹೆಸರನ್ನು ತಾನೇ ಬರೆದುಕೊಳ್ಳಬೇಕಾಯಿತು. ಪೆರ್ಬೊಳಲಿನಲ್ಲಿ ಆ ಕೆಲಸವನ್ನು ಉಳಿದವರು ಮಾಡಿದರು. ಊರು ಅಳಿವಿಗೆ ಸಿಕ್ಕಿ, ಸುಟ್ಟದ್ದನ್ನು ಕಟ್ಟಬೇಕು, ಕಳೆದದ್ದನ್ನು ಹುಡುಕಬೇಕು ಎಂಬ ಹೊತ್ತಿನಲ್ಲಿಯೂ ಒಂದು ಕಲ್ಲನ್ನು ತಂದು, ಕಲ್ಲುಕುಟಿಗನನ್ನು ಕರೆಸಿ, ಇಂಥವರ ಮೈದುನ, ಇಂಥವರ ಅಳಿಯ, ಕಿತ್ತಯ್ಯ ಎಂದು ಬರೆಸಿದರು. ಅಗ್ಗದ ಕೆಲಸವಲ್ಲ ಅದು. ಮರೆಯಬಾರದೆಂದು ಒಂದು ಜನ ಕೈಗೊಂಡ ನಿರ್ಧಾರ.

ಬಳಿಕ ನಡೆದ ಕಥೆ ಇನ್ನೂ ವಿಚಿತ್ರವಾದುದು. ಗಂಗರು ಕಡೆಗೆ ರಾಷ್ಟ್ರಕೂಟರ ಮೇಲಾಳಿಕೆಯನ್ನು ಒಪ್ಪಬೇಕಾಯಿತು. ಸುಮಾರು 780ರಲ್ಲಿ ರಾಷ್ಟ್ರಕೂಟರ ಮನೆಯಲ್ಲೇ ಪಟ್ಟಕ್ಕಾಗಿ ಅಣ್ಣ ಗೋವಿಂದನಿಗೂ ತಮ್ಮ ಧ್ರುವನಿಗೂ ಕಾಳಗವಾಯಿತು. ಶ್ರೀಪುರುಷನ ಮಗ ಶಿವಮಾರನು ಅಣ್ಣನ ಪಕ್ಷವನ್ನು ಹಿಡಿದನು. ಗೆದ್ದ ಧ್ರುವನ ಸೆರೆಯನ್ನು ಸೇರಿದನು. ಗಂಗವಾಡಿಯನ್ನು ಆಳಲು ಧ್ರುವನ ಮಗ ಸ್ತಂಭನೇ ಬಂದನು. ತಂದೆಯ ಕಾಲವಾದ ಮೇಲೆ ಆ ಸ್ತಂಭನೂ ಪಟ್ಟಕ್ಕೆ ಬಂದ ತನ್ನ ತಮ್ಮ ಮೂರನೆಯ ಗೋವಿಂದನ ಮೇಲೆ ಕತ್ತಿ ಎತ್ತಿದನು; ಸೋತನು; ಕ್ಷಮೆ ಪಡೆದು ಮತ್ತೆ ಗಂಗವಾಡಿಯನ್ನೇ ಆಳಿದನು. ಅರಸುಮಗನಿಗೆ ದಂಗೆಯ ತರುವಾಯವೂ ಕ್ಷಮೆಯುಂಟು. ಅವನ ಪರವಾಗಿ ಬಿದ್ದ ಕಾಲಾಳಿಗೆ ಕ್ಷಮೆಯಿಂದ ಆಗಬೇಕಾದದ್ದೇನೂ ಉಳಿದಿರುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಗಂಗರೊಡನೆ ಹೋರಾಡಿ ಬೇಸತ್ತು, ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟು ನಂಟಸ್ತನ ಬೆಳೆಸಿದನು. ಹತ್ತನೆಯ ಶತಮಾನದಲ್ಲಿ ಮತ್ತೊಬ್ಬ ರಾಷ್ಟ್ರಕೂಟ ಕುವರಿ ರೇವಕನಿಮ್ಮಡಿ ಮತ್ತೊಬ್ಬ ಬೂತುಗನ ಕೈಹಿಡಿದಳು. ಯಾವ ರಟ್ಟವಾಡಿಯ ದಂಡಿನೆದುರು ಕಿತ್ತಯ್ಯನು ಬಿದ್ದನೋ, ಆ ರಟ್ಟರ ಮನೆಗೆ ಅವನ ಅರಸರ ವಂಶವೇ ಅಳಿಯನಾಗಿ ಹೋಯಿತು. ಕಲ್ಲಿನ ಮೇಲೆ ಕಿತ್ತಯ್ಯನಿಗೆ ಇದ್ದ ಗುರುತೂ ಅದೇ, ಅಳಿಯ. ಎರಡು ಮನೆಗಳ ನಡುವಣ ವೈರವನ್ನು ಹೆಣ್ಣೊಂದು ತೀರಿಸಬಹುದೆಂಬ ಅರಿವು ಒಂದು ಶತಮಾನ ಮೊದಲೇ ಮೂಡಿದ್ದರೆ ಪೆರ್ಬೊಳಲಿನಲ್ಲಿ ಇನ್ನೊಂದು ಮನೆಯ ಅಳಿಯನು ಸಂಜೆಗೆ ಉಣ್ಣಲು ಬರುತ್ತಿದ್ದನು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಈ ಕಥೆಯ ಉತ್ತರಭಾಗವನ್ನು ಕಲ್ಲಿನಲ್ಲೇ ನೋಡಬಹುದು. ಅಲ್ಲಿ ಬೇಗೂರಿನ ಪ್ರಸಿದ್ಧ ವೀರಗಲ್ಲಿದೆ. ಕುದುರೆ, ಕಾಲಾಳು, ಬಿದ್ದವರು, ಬೀಳುತ್ತಿರುವವರು ಎಲ್ಲರೂ ಅದರಲ್ಲಿ ಕಿಕ್ಕಿರಿದಿದ್ದಾರೆ. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಮಡಿದ ವಾರ್ತೆ ಅದು. ಅವನ ಪದವಿಯೂ ಬೆಂಪೂರು ಹನ್ನೆರಡು ಮೊದಲಾದ ಊರುಗಳೂ ಇರುಗನೆಂಬವನಿಗೆ ಸಂದವು. ಅಲ್ಲಿಯೇ ಮದ್ದೂರು ಸೀಮೆಯ ಆತಕೂರಿನ ಕಲ್ಲೂ ಇದೆ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಪಡೆದ ಬಹುಮಾನಗಳೂ, ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಯ ಸ್ಮರಣೆಯೂ ಅದರಲ್ಲಿವೆ. ಅವನ ಒಡೆಯ ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಆಳಿದನೆಂಬ ಸಂಗತಿಯನ್ನು ಅದೇ ಕಲ್ಲು ಅಳುಕಿಲ್ಲದೆ ಹೇಳುತ್ತದೆ. ಕೊಂದವನೂ ಕೊಲ್ಲಿಸಿಕೊಂಡವನೂ ಒಂದೇ ವಂಶದವರು. ದಾಯಾದಿಯ ಕಲಹದ ಮುಂದೆ ನಾಯಿಯ ನಿಷ್ಠೆಯೇ ಹೆಚ್ಚು ಹೊಳೆಯುವುದರಲ್ಲಿ ಆಶ್ಚರ್ಯವಿಲ್ಲ.

ಈ ದೊಡ್ಡ ಕಲ್ಲುಗಳ ಜೊತೆಗೆ ಹೆಬ್ಬಾಳದ ಕಲ್ಲನ್ನು ಹೋಲಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅದು ಗೆಲವಿನ ಮಾತನ್ನು ಆಡುವುದಿಲ್ಲ. ಶತ್ರುವನ್ನು ಹಳಿಯುವುದಿಲ್ಲ. ರಟ್ಟವಾಡಿಯವರು ಬಂದರು ಎನ್ನುತ್ತದೆ. ಕೆಟ್ಟವರು ಬಂದರು ಎನ್ನುವುದಿಲ್ಲ. ಒಳಗಿನ ಯುದ್ಧಗಳ ನೆನಪು ಸಾಮಾನ್ಯವಾಗಿ ಉಳಿಯುವುದು ಸೇಡಿನ ರೂಪದಲ್ಲಿ. ಅಜ್ಜನ ಗಾಯವನ್ನು ಮೊಮ್ಮಗನು ಕೆರೆದು ಕೆರೆದು ಹಸಿಯಾಗಿಡುತ್ತಾನೆ. ಹೆಬ್ಬಾಳದ ಜನ ಹಾಗೆ ಮಾಡಲಿಲ್ಲ. ಯಾರ ಮೇಲೆ ಹಗೆ ಸಾಧಿಸಬೇಕೆಂಬುದನ್ನು ಅವರು ಬರೆಸಲಿಲ್ಲ. ಯಾರಿಗೆ ಋಣಿಗಳೆಂಬುದನ್ನು ಬರೆಸಿದರು. ಆ ಎರಡರ ನಡುವಣ ಭೇದವನ್ನು ಎಂಟನೆಯ ಶತಮಾನದ ಒಂದು ಊರು ತಿಳಿದಿತ್ತು.

ಇಂದು ಆ ಋಣ ಯಾರ ಮೇಲಿದೆ? ಬೆಂಗಳೂರು ಬೆಳೆಯುತ್ತ ಬಂದಂತೆ ಅದರ ಹಳೆಯ ಊರುಗಳ ಕಲ್ಲುಗಳು ಪಟ್ಟ ಪಾಡು ವಾಚಕರಿಗೆ ತಿಳಿಯದ್ದಲ್ಲ. ಕೆಲವು ಬಟ್ಟೆ ಒಗೆಯುವ ಕಲ್ಲಾದವು, ಕೆಲವು ಚರಂಡಿಯ ಹಾಸಾದವು, ಕೆಲವು ತಳಪಾಯದೊಳಗೆ ಕಣ್ಮರೆಯಾದವು. ಸಂತೋಷದ ಸಂಗತಿಯೆಂದರೆ ಈಚಿನ ವರ್ಷಗಳಲ್ಲಿ ಸಾಮಾನ್ಯ ನಾಗರಿಕರೇ ಮುಂದೆ ಬಂದು ಇವನ್ನು ಹುಡುಕುತ್ತಿದ್ದಾರೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ನಗರದ ಶಾಸನಗಳ ಮೇಲೆ ಬೆಳಕಿನ ಕಿರಣಗಳನ್ನು ಹಾಯಿಸಿ, ಅವುಗಳ ಉಬ್ಬುತಗ್ಗುಗಳನ್ನೆಲ್ಲ ಗಣಕಯಂತ್ರದಲ್ಲಿ ಹಿಡಿದಿಡುವ ಕಾರ್ಯವನ್ನು ಕೈಗೊಂಡಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಆ ಚಿತ್ರದಲ್ಲಿ ಓದಬರುವಂತಾಗುತ್ತದೆ. ಕಲ್ಲು ನಾಳೆ ಒಡೆದರೂ ಅದರ ಮಾತು ಉಳಿದೀತು.

ಆದರೆ ಮಾತು ಉಳಿದರೆ ಸಾಲದು, ಕೇಳುವವರು ಬೇಕು. ಆರ್. ಟಿ. ನಗರದ ಪಕ್ಕದಲ್ಲೇ ಇರುವ ಜಯಚಾಮರಾಜೇಂದ್ರ ನಗರದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಂಡಿನಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ಅವರು ಕುದುರೆಯೇರಿ ಸಮುದ್ರದಾಚೆಗೆ ಹೋಗಿ ಕೀರ್ತಿ ಪಡೆದವರು. ಅಲ್ಲಿಂದ ಕೆಲವೇ ಮೈಲಿಗಳಾಚೆ, ತನ್ನ ಊರನ್ನು ಬಿಟ್ಟು ಎಲ್ಲಿಗೂ ಹೋಗದೆ ಮಡಿದ ಕಾಲಾಳಿನ ನೆಲವಿದೆ. ಉತ್ತರ ಬೆಂಗಳೂರಿನ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಈ ಎರಡೂ ಕಡೆಗಳಿಗೆ ಕರೆದೊಯ್ದರೆ ಇತಿಹಾಸದ ಎರಡು ಮುಖಗಳೂ ಅವರಿಗೆ ತಿಳಿದಾವು. ದೇಶದ ಹೊರಗಿನ ಶೌರ್ಯಕ್ಕೆ ಪದಕವಿದೆ, ಪಥಸಂಚಲನವಿದೆ. ಮನೆಯ ಬಾಗಿಲಲ್ಲಿ ನಿಂತವನಿಗೆ, ಅದೂ ಒಡಹುಟ್ಟಿದವರಂಥವರೇ ಎದುರಾಗಿ ಬಂದಾಗ ನಿಂತವನಿಗೆ, ಊರಿನ ನೆನಪಲ್ಲದೆ ಬೇರೆ ಪದಕವಿಲ್ಲ.

ಶ್ರೀಪುರುಷನ ರಾಜ್ಯ ಅಳಿಯಿತು. ರಟ್ಟರ ರಾಜ್ಯವೂ ಅಳಿಯಿತು. ಮಾನ್ಯಪುರವು ಮಣ್ಣೆಯೆಂಬ ಹಳ್ಳಿಯಾಗಿದೆ. ಅವರ ಜಗಳದ ಕಾರಣವನ್ನು ಇಂದು ಪುಸ್ತಕ ತೆರೆದು ಓದಿಕೊಳ್ಳಬೇಕು. ಉಳಿದಿರುವುದು, ಯಾರದೋ ಮೈದುನನಾಗಿ, ಯಾರದೋ ಅಳಿಯನಾಗಿ ಪೆರ್ಬೊಳಲಿನ ಬೀದಿಗಳಲ್ಲಿ ನಡೆದಾಡಿದ ಒಬ್ಬನ ಹೆಸರು. ಮುಂದಿನ ಬಾರಿ ಮೇಲ್ಸೇತುವೆಯ ಬಳಿ ವಾಹನ ನಿಂತಾಗ, ಬೇಸರಪಡುವುದಕ್ಕೆ ಮೊದಲು, ಆ ಹೆಸರನ್ನು ಒಮ್ಮೆ ನೆನೆಯುವುದಕ್ಕೆ ಅಲ್ಲಿ ಬೇಕಾದಷ್ಟು ಸಮಯವಿರುತ್ತದೆ.